ಅಮ್ಮನ ಕೈಮಾತು

ಪೊಲೀಸ್ ಕಚೇರಿಯಿಂದ ಫೋನ್ ಬಂದಾಗ ಬೆಳಿಗ್ಗೆ ಎಂಟು ಗಂಟೆ. ದುಭಾಷಿ ಆಗಷ್ಟೇ ತಲೆ ಬಾಚಿಕೊಂಡು ಹೊರಡುವ ಅವಸರದಲ್ಲಿದ್ದಳು. ಕಿವುಡರ ಕೈಮಾತನ್ನು ಬಾಯಿಮಾತಿಗೂ ಬಾಯಿಮಾತನ್ನು ಕೈಮಾತಿಗೂ ತಿರುಗಿಸುವುದು ಅವಳ ಕೆಲಸ. ನ್ಯಾಯಾಲಯ, ಆಸ್ಪತ್ರೆ, ನೋಂದಣಿ ಕಚೇರಿ, ಎಲ್ಲಿಂದ ಕರೆ ಬಂದರೂ ಹೋಗುತ್ತಿದ್ದಳು. ಕಾಗದದ ಮೇಲೆ ಹನ್ನೆರಡು ವರ್ಷದ ಅನುಭವ. ನಿಜವಾಗಿ ನೋಡಿದರೆ ಹುಟ್ಟಿದಾಗಿನಿಂದಲೂ ಅದೇ ಕೆಲಸ. ಅಪ್ಪ ಅಮ್ಮ ಇಬ್ಬರೂ ಕಿವುಡರು. ನಾಲ್ಕು ವರ್ಷದವಳಿದ್ದಾಗಲೇ ಮನೆ ಮಾಲೀಕ ಬಾಗಿಲಲ್ಲಿ ನಿಂತು ಕೂಗಾಡಿದ್ದನ್ನು ಅಪ್ಪನಿಗೆ ಕೈಯಲ್ಲಿ ಹೇಳಿದ್ದಳಂತೆ, ಬೈಗುಳವನ್ನೂ ಬಿಡದೆ.

ಕಿವುಡರ ಬಳಗದಲ್ಲಿ ಎಲ್ಲರಿಗೂ ಒಂದೊಂದು ಕೈಹೆಸರು. ಕೂಸಾಗಿದ್ದಾಗ ಬಾಯಿಂದ ಬೆರಳು ತೆಗೆಯುತ್ತಿರಲಿಲ್ಲವೆಂದು ಇವಳು 'ಹೆಬ್ಬೆರಳು'. ಮೂವತ್ತನಾಲ್ಕು ತುಂಬಿದರೂ, ನ್ಯಾಯಾಧೀಶರ ಪಕ್ಕದಲ್ಲೇ ನಿಲ್ಲುವಂಥವಳಾದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಅಮ್ಮ 'ಕೆನ್ನೆಗುಳಿ'. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಎರಡು ಕೋಣೆಯ ಮನೆಯಲ್ಲಿ ತಾಯಿ ಮಗಳು ಇಬ್ಬರೇ.

ಫೋನಿನಲ್ಲಿದ್ದ ಅಧಿಕಾರಿ ಸುತ್ತಿ ಬಳಸಲಿಲ್ಲ. "ಮೇಡಂ, ನಿನ್ನೆ ಸಂಜೆ ರೈಲು ನಿಲ್ದಾಣದಲ್ಲಿ ಬ್ಯಾಗ್ ಸಿಕ್ಕಿದ್ದು ಕೇಳಿರ್ತೀರ. ಕ್ಯಾಮೆರಾದಲ್ಲಿ ಇಬ್ಬರು ಕೈಯಲ್ಲಿ ಮಾತಾಡ್ತಿರೋದು ಬಿದ್ದಿದೆ. ಏನು ಮಾತಾಡ್ತಿದ್ರು ಅಂತ ನಮಗೆ ಗೊತ್ತಾಗಬೇಕು. ಈಗಲೇ ಬನ್ನಿ."

ಕೇಳದವರು ಯಾರಿದ್ದರು? ಮೂರನೇ ಪ್ಲಾಟ್‌ಫಾರ್ಮಿನ ಬೆಂಚಿನ ಕೆಳಗಿದ್ದ ಬ್ಯಾಗಿನಲ್ಲಿ ಬ್ಯಾಟರಿ, ತಂತಿ, ಗಡಿಯಾರ. ಕಸ ಗುಡಿಸುವಾಕೆ ನೋಡಿ ಕೂಗಿಕೊಂಡಿದ್ದರಿಂದ ಜನ ಉಳಿದರು. ಊರಿಗೆ ಊರೇ ಉಸಿರು ಬಿಗಿಹಿಡಿದಿತ್ತು.

"ಯಾರದು?" ಅಡುಗೆಮನೆಯಿಂದ ಅಮ್ಮ ಕೈಯಲ್ಲೇ ಕೇಳಿದಳು.

"ಕೆಲಸ," ಅಂದಳು ಮಗಳು. ಅಮ್ಮ ಮುಂದೆ ಕೇಳಲಿಲ್ಲ. ದುಭಾಷಿ ಒಂದು ಕೋಣೆಯಲ್ಲಿ ಕಂಡದ್ದನ್ನು ಇನ್ನೊಂದು ಕೋಣೆಗೆ ಒಯ್ಯುವುದಿಲ್ಲ ಎಂಬುದು ಅವರ ಮನೆಯಲ್ಲಿ ಮಾತೇ ಬೇಡದ ನಿಯಮ.

ನಿಯಂತ್ರಣ ಕೊಠಡಿಯ ಒಂದು ಗೋಡೆ ಪೂರ್ತಿ ಪರದೆಗಳು. ಬಸ್ ನಿಲ್ದಾಣ, ಸೇತುವೆ, ಮಾರುಕಟ್ಟೆ, ಯಾರದೋ ಮನೆಯ ಮೆಟ್ಟಿಲು. ಮೈ ನಡುಗಿಸುವಷ್ಟು ಏಸಿ. ಪರದೆ ನಡೆಸುವ ಹುಡುಗಿ ಶಾಲು ಹೊದ್ದು ಕುಳಿತಿದ್ದಳು. ಐವತ್ತರ ಆಸುಪಾಸಿನ ಅಧಿಕಾರಿಯ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

"ಇಲ್ನೋಡಿ," ಎಂದು ಅವರು ಪೆನ್ನಿನ ತುದಿಯಿಂದ ಪರದೆ ತೋರಿಸಿದರು. "ಬ್ಯಾಗ್ ಇಟ್ಟವನು ಈ ಕಂಬದ ಮರೆಯಲ್ಲೇ ಬಂದು ಮರೆಯಲ್ಲೇ ಹೋಗಿದಾನೆ. ನಮಗೆ ಅವನ ಕೂದಲೂ ಕಂಡಿಲ್ಲ. ಆದರೆ ಎದುರು ಬೆಂಚಲ್ಲಿ ಈ ಇಬ್ಬರು ಮುಕ್ಕಾಲು ಗಂಟೆ ಕೂತಿದಾರೆ. ಆ ಕಡೆ ನೋಡಿದಾರೆ, ಏನೋ ಹೇಳ್ಕೊಂಡಿದಾರೆ, ಎದ್ದು ಹೋಗಿದಾರೆ. ಇವರು ಸಾಕ್ಷಿಗಳಾ, ಅವನ ಕಡೆಯವರಾ? ಅಷ್ಟು ತಿಳಿದ್ರೆ ಸಾಕು. ಮೊದಲಿಂದ ಹಾಕಮ್ಮ."

ಹುಡುಗಿ ಗುಂಡಿ ಒತ್ತಿದಳು. ಬೆಂಚಿನ ಮೇಲೆ ನೀಲಿ ಸ್ವೆಟರಿನ ಹೆಂಗಸು, ಬೆನ್ನು ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ನರೆಗೂದಲಿನ ಗಂಡಸು. ಇಬ್ಬರೂ ಕೈ ಕೈ ಹಿಡಿದಿದ್ದರು. ಮಾತಾಡಬೇಕೆಂದರೆ ಕೈ ಬಿಡಿಸಿಕೊಳ್ಳಬೇಕು; ಮಾತು ಮುಗಿದ ಮೇಲೆ ಮತ್ತೆ ಹಿಡಿಯಬೇಕು. ಹಿಡಿಯುವುದು ಬಿಡುವುದು, ಹಿಡಿಯುವುದು ಬಿಡುವುದು. ದುಭಾಷಿಯ ತುಟಿಯಂಚಿನಲ್ಲಿ ನಗು ಬಂತು. ಅಷ್ಟರಲ್ಲಿ ಹೆಂಗಸು ಇತ್ತ ತಿರುಗಿದಳು. ಕೆನ್ನೆಯಲ್ಲಿ ಗುಳಿ ಬಿತ್ತು.

ಅಮ್ಮ.

ನಿನ್ನೆ ಬುಧವಾರ. ಕಾಲು ಮುರಿದುಕೊಂಡ ಗೆಳತಿಯನ್ನು ನೋಡಿ ಬರುತ್ತೇನೆಂದು ಹೋದವಳು. ಆ ಗೆಳತಿಯ ಕಾಲು ಆರು ತಿಂಗಳಿಂದ ಕೂಡಿಕೊಂಡೇ ಇರಲಿಲ್ಲ, ಪಾಪ. ಪಕ್ಕದಲ್ಲಿದ್ದವರೂ ಗುರುತಿನವರೇ, ಮುದ್ರಣಾಲಯದಲ್ಲಿ ಪುಸ್ತಕ ಕಟ್ಟುವವರು. ಬಳಗದಲ್ಲಿ ಅವರ ಕೈಹೆಸರು 'ಪುಟ'. ಅಪ್ಪನ ಗೆಳೆಯರು.

ಪರದೆಯ ಮೇಲೆ 'ಪುಟ' ಕೈ ಬಿಡಿಸಿಕೊಂಡರು. "ಇನ್ನೆಷ್ಟು ಬುಧವಾರ ನನ್ನನ್ನ ಬೆಂಚಿನ ಮೇಲೆ ಕೂರಿಸ್ತೀಯ? ಮಗಳಿಗೆ ಹೇಳಿಬಿಡು. ಆಮೇಲೆ ಇಬ್ಬರೂ ಒಂದೇ ಮನೇಲಿ ಇರೋಣ."

ಅಮ್ಮನ ಕೈ ಮೇಲೆದ್ದಿತು. "ಹೆಬ್ಬೆರಳಿಗೆ..."

"ನಿಲ್ಲಿಸಿ," ಎಂದಳು ದುಭಾಷಿ. ತನ್ನ ದನಿ ಅಷ್ಟು ಜೋರಾಗಿ ಬಂದದ್ದು ಅವಳಿಗೇ ಅಚ್ಚರಿ.

ಹುಡುಗಿ ನಿಲ್ಲಿಸಿದಳು. ಅಮ್ಮನ ಬೆರಳುಗಳು ಅರ್ಧ ಮಾತಿನಲ್ಲಿ ಹಾಗೇ ನಿಂತವು.

"ಏನಂತೆ?" ಅಧಿಕಾರಿ ಮುಂದಕ್ಕೆ ಬಾಗಿದರು.

"ಸರ್, ಇವರು ನನ್ನ ಅಮ್ಮ."

ಹುಡುಗಿ ಕೈಯನ್ನು ಶಾಲಿನೊಳಗೆ ಎಳೆದುಕೊಂಡಳು. ಅಧಿಕಾರಿ ದುಭಾಷಿಯ ಮುಖವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು. ಇಬ್ಬರ ಕೆನ್ನೆಗೂ ಹೋಲಿಕೆ ಇತ್ತೇನೋ.

"ಹಾಗಾದ್ರೆ ನೀವು ಹೇಳೋದನ್ನ ನಾನು ಹೇಗೆ ನಂಬಲಿ?"

"ನಂಬಬೇಡಿ. ಬೇರೆಯವರನ್ನ ಕರೆಸಿ."

"ಬೇರೆಯವರು ಬರೋಕೆ ಆರು ಗಂಟೆ ಬೇಕು ಮೇಡಂ. ಅಷ್ಟರಲ್ಲಿ ಅವನು ಇನ್ನೊಂದು ಬ್ಯಾಗ್ ಇಟ್ರೆ?"

ಅಧಿಕಾರಿ ಹೆದರಿಸಲು ಹೇಳಿದ್ದಲ್ಲ, ಹೆದರಿಯೇ ಹೇಳಿದ್ದು. ಅವಳು ಕುರ್ಚಿಯನ್ನು ಪರದೆಗೆ ಬೆನ್ನಾಗಿ ತಿರುಗಿಸಿಕೊಂಡಳು.

"ಸರ್, ನೀವು ಗುಟ್ಟು ಹೇಳಬೇಕಾದ್ರೆ ದನಿ ತಗ್ಗಿಸ್ತೀರ, ಬಾಗಿಲು ಹಾಕ್ತೀರ. ಅವರಿಗೆ ಪಿಸುಮಾತು ಅನ್ನೋದೇ ಇಲ್ಲ. ನಮ್ಮಪ್ಪ ಅಮ್ಮ ನನಗೆ ತಿಳಿಯಬಾರದ್ದನ್ನ ಮೇಜಿನ ಕೆಳಗೆ ಕೈ ಇಟ್ಟುಕೊಂಡು ಮಾತಾಡೋರು. ಈಗ ನಾನು ಕಂಡದ್ದು ಬ್ಯಾಗಿನ ಮಾತಲ್ಲ. ಅವಳ ಸ್ವಂತದ ಮಾತು. ಅದನ್ನ ಅವಳು ನನಗೇ ಇನ್ನೂ ಹೇಳಿಲ್ಲ."

"ಪೂರ್ತಿ ನೋಡದೆ ಹೇಗೆ ಗೊತ್ತು ನಿಮಗೆ, ಮುಂದೆ ಬ್ಯಾಗಿನ ಮಾತು ಇಲ್ಲ ಅಂತ?"

"ಗೊತ್ತಿಲ್ಲ. ಅದಕ್ಕೇ ಅವಳನ್ನೇ ಕೇಳೋಣ. ಮನೆ ಇಲ್ಲಿಂದ ಹತ್ತು ನಿಮಿಷ. ಮೂವತ್ತು ವರ್ಷ ಕನ್ನಡಕದ ಕಾರ್ಖಾನೇಲಿ ಗಾಜಿನ ಮೇಲೆ ಕೂದಲೆಳೆಯಷ್ಟು ಗೀರು ಹುಡುಕಿದವಳು. ನಿಮ್ಮ ಕ್ಯಾಮೆರಾಗಿಂತ ಚೆನ್ನಾಗಿ ನೋಡಿರ್ತಾಳೆ. ನಾನು ತಿರುಗಿಸಿ ಹೇಳೋದನ್ನೂ ವಿಡಿಯೋ ಮಾಡಿ. ಆರು ಗಂಟೆ ಬಿಟ್ಟು ಬರೋರ ಹತ್ರ ತಾಳೆ ನೋಡಿಸಿ. ಒಂದು ಮಾತು ಹೆಚ್ಚುಕಡಿಮೆ ಆಗಿದ್ರೂ ಆಮೇಲೆ ಇದನ್ನ ಪೂರ್ತಿ ಓದಿಸಿ. ನಾನು ಅಡ್ಡ ಬರಲ್ಲ."

ಅಧಿಕಾರಿ ಕಣ್ಣುಜ್ಜಿಕೊಂಡರು. ಆಮೇಲೆ, "ಜೀಪ್ ಕಳಿಸ್ರಿ," ಎಂದು ಹೊರಗೆ ಕೂಗಿದರು.

ಅಮ್ಮ ಬಂದಳು. ಮನೆಯ ಚಪ್ಪಲಿಯಲ್ಲೇ ಜೀಪ್ ಹತ್ತಿ ಬಂದಿದ್ದಳು, ಮಗಳಿಗೆ ಏನೋ ಆಗಿದೆ ಎಂದುಕೊಂಡು. ಮೊಗಸಾಲೆಯಲ್ಲಿ ಮಗಳನ್ನು ಕಂಡವಳೇ ತಲೆಯಿಂದ ತೋಳಿನವರೆಗೂ ಸವರಿ ನೋಡಿದಳು. ವಿಷಯ ತಿಳಿದ ಮೇಲೆ ಅವಳ ಕೈ ನಿಧಾನವಾಯಿತು.

"ನೀನು ನೋಡಿದ್ಯಾ?"

"ಸ್ವಲ್ಪ."

"ಎಷ್ಟು ಸ್ವಲ್ಪ?"

"ಒಂದೇ ಮನೇಲಿ ಇರೋಣ ಅಂತ ಅವರು ಅಂದ ತನಕ. ನೀನು ಹೇಳೋಕೆ ಶುರು ಮಾಡಿದಾಗ ನಿಲ್ಲಿಸಿಬಿಟ್ಟೆ."

ಅಮ್ಮನ ಮುಖ ಕಿವಿಯವರೆಗೂ ಕೆಂಪಾಯಿತು. ಅವಳು ಗೋಡೆಯ ಕಡೆ ತಿರುಗಿ ನಿಂತಳು. ಕಿವುಡರು ಬೆನ್ನು ತಿರುಗಿಸಿದರೆ ಮಾತು ಬೇಡ ಎಂದೇ ಅರ್ಥ. ಅಲ್ಲಿಗೆ ಬಾಗಿಲು ಹಾಕಿದಂತೆ. ಮಗಳು ಕಾದಳು. ಸ್ವಲ್ಪ ಹೊತ್ತಿಗೆ ಅಮ್ಮ ಗಕ್ಕನೆ ಇತ್ತ ತಿರುಗಿ ಕೈ ಬೀಸತೊಡಗಿದಳು.

"ಈ ಊರಲ್ಲಿ ಎಷ್ಟು ಲಕ್ಷ ಜನ ಇದಾರೆ! ಅಷ್ಟು ಗದ್ದಲದಲ್ಲಿ ನಮ್ಮ ಮಾತು ಯಾರಿಗೂ ತಿಳಿಯಲ್ಲ ಅಂತ ಅಲ್ಲಿ ಕೂರ್ತಿದ್ವಿ. ತಿಳಿಯೋ ಒಬ್ಬಳೇ ಒಬ್ಬಳನ್ನ ಹುಡುಕಿ ತಂದು ಟಿವಿ ಮುಂದೆ ಕೂರಿಸಿದಾರಲ್ಲ, ಇವರ ಮನೆ ಹಾಳಾಗ!"

ಮಗಳಿಗೆ ನಗು ಉಕ್ಕಿ ಬಂತು, ಅದರ ಹಿಂದೆಯೇ ಅಳುವೂ. ಅಮ್ಮ ಸೆರಗಿನ ತುದಿಯಿಂದ ಅವಳ ಮೂಗು ಒರೆಸಿದಳು, ಮೂರು ವರ್ಷದ ಕೂಸಿಗೆ ಒರೆಸುವಂತೆ.

"ಅಮ್ಮ, ಆ ಬ್ಯಾಗ್?"

"ಅಯ್ಯೋ, ನೋಡಿದ್ವಲ್ಲ! ಹೇಳೋಕೂ ಹೋಗಿದ್ವಿ. ಯಾರು ಕೇಳಿದ್ರು? ಮನೇಲಿ ಹೇಳೋಣ ಅಂದ್ರೆ, ಅಲ್ಲೇನು ಮಾಡ್ತಿದ್ದೆ ಅಂತ ನೀನು ಕೇಳ್ತೀಯಲ್ಲ."

ಒಳಗೆ ಕ್ಯಾಮೆರಾದ ಮುಂದೆ ಕುಳಿತು ಅಮ್ಮ ಹೇಳಿದಳು. ಮಗಳು ಒಂದಕ್ಷರ ಕೂಡಿಸದೆ, ಕಳೆಯದೆ ಬಾಯಿಮಾತಾಗಿಸಿದಳು. ಬ್ಯಾಗ್ ಇಟ್ಟವನು ಕಸ ಗುಡಿಸುವವರ ಹಳದಿ ಕೋಟು ಹಾಕಿದ್ದ. ಆದರೆ ಕೋಟಿನ ಕೆಳಗೆ ಇಸ್ತ್ರಿ ಮಾಡಿದ ಪ್ಯಾಂಟು, ಹೊಳೆಯುವ ಬೂಟು. ಎಡಗಾಲು ಹೊರಕ್ಕೆ ತಿರುಗಿಸಿ ನಡೆಯುತ್ತಿದ್ದ. ಬಲಗಿವಿಯ ಹಿಂದೆ ಹಳೆಯ ಸುಟ್ಟ ಕಲೆ. ಕನ್ನಡಕ ಹಾಕಿದ್ದ, ಆದರೆ ಅದು ನಂಬರಿನದಲ್ಲ, ಬರಿಯ ಗಾಜು. ಅದರ ಹಿಂದೆ ಕಣ್ಣು ಚಿಕ್ಕದಾಗಿಯೂ ಕಾಣುತ್ತಿರಲಿಲ್ಲ, ದೊಡ್ಡದಾಗಿಯೂ ಕಾಣುತ್ತಿರಲಿಲ್ಲ. ಬ್ಯಾಗ್ ಬಿಟ್ಟು ಹೋದವನು ಮತ್ತೆ ಬರಲೇ ಇಲ್ಲವೆಂದು ಇಬ್ಬರೂ ಎದ್ದು ಹೋಗಿ ದ್ವಾರದ ಕಾವಲುಗಾರನಿಗೆ ಸನ್ನೆ ಮಾಡಿ ತೋರಿಸಿದ್ದರು. ಆತ ಭಿಕ್ಷೆ ಬೇಡುವವರೆಂದುಕೊಂಡು ಲಾಠಿ ಆಡಿಸಿ ಅಟ್ಟಿದ್ದ.

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು. "ಅಟ್ಟಿದ್ನಾ?"

"ಅಟ್ಟಿದ," ಅಂದಳು ಮಗಳು. ಅಮ್ಮ ಲಾಠಿ ಆಡಿಸುವುದನ್ನು ಮಾಡಿಯೇ ತೋರಿಸಿದಳು. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಹೇಳಿಕೆಗೆ ಸಹಿ ಹಾಕುವ ಮುನ್ನ ಅಮ್ಮ ಪೆನ್ನು ಕೆಳಗಿಟ್ಟಳು. "ಉಳಿದದ್ದನ್ನ ಏನು ಮಾಡ್ತೀರ? ಬ್ಯಾಗಿನದ್ದು ಬಿಟ್ಟು ಉಳಿದದ್ದು."

"ನಿಯಮದ ಪ್ರಕಾರ ಮೂವತ್ತು ದಿನ ಇರುತ್ತೆ. ಆಮೇಲೆ ತಾನಾಗೇ ಅಳಿಸಿ ಹೋಗುತ್ತೆ."

"ಆ ಮೂವತ್ತು ದಿನ ಯಾರು ಬೇಕಾದ್ರೂ ನೋಡಬಹುದಾ?"

ಅಧಿಕಾರಿ ಹುಡುಗಿಯ ಕಡೆ ನೋಡಿದರು. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿದಂತಿರಲಿಲ್ಲ. ಹುಡುಗಿ ಮೆಲ್ಲಗೆ ಬಾಯಿಬಿಟ್ಟಳು: "ಬೀಗ ಹಾಕಬಹುದು ಸರ್. ತೆರೀಬೇಕಾದ್ರೆ ನೀವು ಕಾರಣ ಬರೆದು ಸಹಿ ಮಾಡಬೇಕಾಗುತ್ತೆ. ಆ ಸೌಲಭ್ಯ ಇದೆ. ಯಾರೂ ಬಳಸಲ್ಲ, ಅಷ್ಟೇ."

ಅವಳು ಆ ಇಬ್ಬರು ಕಂಬದ ಕಡೆ ತಿರುಗಿ ಮಾತಾಡಿದ ಎರಡು ನಿಮಿಷವನ್ನಷ್ಟೇ ಬೇರೆ ತೆಗೆದಳು. ಉಳಿದದ್ದಕ್ಕೆ ಬೀಗ ಬಿತ್ತು. ತೆರೆಯುವ ಮೊದಲು ಆ ಇಬ್ಬರಿಗೂ ತಿಳಿಸಬೇಕೆಂದು ಅಧಿಕಾರಿ ತಾವಾಗಿಯೇ ಒಂದು ಸಾಲು ಸೇರಿಸಿದರು. ಆಮೇಲೆ ಅಮ್ಮನನ್ನೇ ನೋಡುತ್ತ, ಮಗಳು ಕೈಮಾತಿಗೆ ತಿರುಗಿಸಲೆಂದು ತಡೆದು ತಡೆದು ಹೇಳಿದರು: "ಕ್ಯಾಮೆರಾ ತೆಗೆಯೋಕೆ ಆಗಲ್ಲ ಅಮ್ಮ. ನಿನ್ನೆ ಆ ಹೊತ್ತಲ್ಲಿ ಅಲ್ಲಿ ನಾನೂರು ಜನ ಇದ್ರು."

"ತೆಗೀರಿ ಅಂತ ನಾನೆಲ್ಲಿ ಹೇಳ್ದೆ? ನಾನೂ ಆ ನಾನೂರರಲ್ಲಿ ಒಬ್ಬಳೇ. ನೋಡೋರ ಕಣ್ಣಿಗೆ ಸ್ವಲ್ಪ ನಾಚಿಕೆ ಇರಲಿ ಅಂದೆ."

ಮಗಳು ತಿರುಗಿಸಿ ಹೇಳಿದಳು. ಕೂಡಿಸಲಿಲ್ಲ, ಕಳೆಯಲಿಲ್ಲ. ಅಧಿಕಾರಿ ತಲೆ ತಗ್ಗಿಸಿದರು. "ಇದನ್ನೂ ಹೇಳಿಕೇಲಿ ಬರ್ಕೊಳ್ಳಲಾ?" ಎಂದು ಕೇಳಿ, ಆ ದಿನ ಮೊದಲ ಸಲ ನಕ್ಕರು.

ತಾಯಿ ಮಗಳು ಜೀಪು ಬೇಡವೆಂದು ನಡೆದೇ ಹೊರಟರು. ಅರ್ಧ ದಾರಿಯಲ್ಲಿ ಅಮ್ಮ ನಿಂತಳು.

"ನೀನು ನಿಲ್ಲಿಸಿದ ಮೇಲೆ ನಾನು ಏನಂದೆ, ಹೇಳಲಾ?"

"ಹೇಳಬೇಕು ಅನ್ನಿಸಿದ್ರೆ ಹೇಳು."

"ಹೆಬ್ಬೆರಳಿಗೆ ಬೇಜಾರಾಗುತ್ತೆ ಅಂತ ಅಲ್ಲ ಅಂದೆ. ಅವಳು ಹುಟ್ಟಿದಾಗಿಂದ ನಮ್ಮ ಬದುಕೆಲ್ಲ ಅವಳ ಬಾಯಿಂದಲೇ ದಾಟಿದ್ದು. ಬ್ಯಾಂಕಿನೋರ ಹತ್ರ ಅವಳೇ, ಮಾಲೀಕನ ಹತ್ರ ಅವಳೇ. ಅವರಪ್ಪ ಇನ್ನು ಉಳಿಯಲ್ಲ ಅಂತ ಡಾಕ್ಟರ್ ಹೇಳಿದ್ದನ್ನೂ ಅವಳೇ ನಮಗೆ ತಿರುಗಿಸಿ ಹೇಳಬೇಕಾಯ್ತು. ನನಗೂ ಅವರಪ್ಪನಿಗೂ ಅಂತ ಒಂದು ಗುಟ್ಟು ಇಟ್ಕೊಳ್ಳೋಕೆ ಆಗ್ಲಿಲ್ಲ, ಅವಳಿಗೂ ಬರೀ ಮಗಳಾಗಿರೋಕೆ ಆಗ್ಲಿಲ್ಲ. ಇದೊಂದನ್ನಾದ್ರೂ ನಾನೇ, ನನ್ನ ಕೈಯಾರೆ, ಅವಳಿಗೆ ಹೇಳ್ತೀನಿ, ಸ್ವಲ್ಪ ತಾಳು ಅಂದೆ. ಹೇಗೆ ಶುರು ಮಾಡೋದು ಅಂತಲೇ ತೋಚದೆ ಆರು ತಿಂಗಳು ಕಳೆದೆ."

ರಸ್ತೆಯ ಜನ ಅವರನ್ನು ಬಳಸಿಕೊಂಡು ಹೋಗುತ್ತಿದ್ದರು. ಮಗಳು ಅಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡಳು.

ಮೂರನೇ ದಿನ ಆ ಬೂಟಿನವನು ಸಿಕ್ಕಿಬಿದ್ದ. ಬಲಗಿವಿಯ ಹಿಂದಿನ ಕಲೆಯಿಂದಲೇ ಗುರುತು ಹತ್ತಿತಂತೆ. ದ್ವಾರದ ಕಾವಲುಗಾರರಿಗೆಲ್ಲ ನಾಲ್ಕು ಕೈಮಾತು ಕಲಿಸಲು ಆಗುತ್ತದೆಯೇ ಎಂದು ಅಧಿಕಾರಿ ಫೋನ್ ಮಾಡಿ ಕೇಳಿದರು.

ಭಾನುವಾರ ಮಧ್ಯಾಹ್ನ 'ಪುಟ' ಊಟಕ್ಕೆ ಬಂದರು. ಹೊಸ ಅಂಗಿಯ ಕಾಲರಿನಲ್ಲಿ ಗುಂಡುಸೂಜಿ ಇನ್ನೂ ಚುಚ್ಚಿಕೊಂಡಿತ್ತು; ಅಮ್ಮ ಅದನ್ನು ಕಿತ್ತು ಕಿಟಕಿಯ ಮೇಲಿಟ್ಟಳು. ಊಟದ ಉದ್ದಕ್ಕೂ ಅವರು ಮೂರು ಸಲ ಮಗಳ ಆರೋಗ್ಯ ವಿಚಾರಿಸಿದರು, ಬೇರೆ ಮಾತು ತೋಚದೆ. ಊಟ ಮುಗಿದದ್ದೇ ಮಗಳು ತಟ್ಟೆಗಳನ್ನು ಎತ್ತಿಕೊಂಡು ಹೋಗಿ ತೊಟ್ಟಿಯ ಮುಂದೆ ಅವರಿಗೆ ಬೆನ್ನು ಹಾಕಿ ನಿಂತಳು. ನಲ್ಲಿ ಬಿಟ್ಟಳು. ಮೂರು ತಟ್ಟೆ, ಮೂರು ಲೋಟ. ತೊಳೆದದ್ದನ್ನೇ ಮತ್ತೆ ತೊಳೆದಳು. ಹಿಂದೆ ಬಟ್ಟೆಯ ಸರಪರ ಸದ್ದು, ಒಮ್ಮೆ ಅಮ್ಮನ ಗಂಟಲಿನಿಂದ ಬಂದ ನಗು. ಅವಳು ತಿರುಗಿ ನೋಡಲಿಲ್ಲ.

ಕೊನೆಗೆ ಅಮ್ಮನೇ ಮೇಜು ಕುಟ್ಟಿ ಕರೆದಳು.

"ತಟ್ಟೆ ಸವೆದು ಹೋದಾವು ಕಣೇ. ಸಾಕು, ಬಾ, ಕೂತ್ಕೋ."