ಹೊಗೆ ಯಾರ ಹೊಲದ್ದು?

ಟೊಮೇಟೊ ಬೆಳೆ ಮುಗಿದ ಮೇಲೆ ಹೊಲದಲ್ಲಿ ಉಳಿಯುವ, ಸಾಲಿಗೆ ಹೊದಿಸಿದ್ದ ಕಪ್ಪು ಪ್ಲಾಸ್ಟಿಕ್ ಮಲ್ಚಿಂಗ್ ಶೀಟನ್ನು ಏನು ಮಾಡುವುದು? ಪಣಕಹಳ್ಳಿಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. ಕಿತ್ತು ಗುಡ್ಡೆ ಹಾಕು, ಹಳೇ ಡ್ರಿಪ್ ಪೈಪು, ಜೋಳದ ಕಡ್ಡಿ ಎಲ್ಲಾ ಅದರ ಮೇಲೆ ಎಸೆ, ಬೆಂಕಿ ಕೊಡು. ಹೊಗೆ ಎತ್ತಲೋ ಹೋಗುತ್ತದೆ, ಹೊಲ ಚೊಕ್ಕಟವಾಗುತ್ತದೆ.

ಈ ಸಲದ ಕಾರ್ತಿಕದಲ್ಲಿ ಮಾತ್ರ ಹೊಗೆ ಎತ್ತಲೂ ಹೋಗಲಿಲ್ಲ.

ಪುಟ್ಟನಂಜಮ್ಮನ ಮನೆ ಊರಿನ ತುದಿಯಲ್ಲಿದೆ. ಮನೆಯ ಬಡಗಲಿಗೆ ಅವರದೇ ಹೊಲ. ಮೂಡಲಿಗೆ ಗುರುಮಲ್ಲಪ್ಪನ ಹೊಲ. ಎರಡು ಹೊಲಗಳ ನಡುವಿನ ಗಡಿಕಲ್ಲಿನ ವಿಷಯಕ್ಕೆ ಎರಡು ಮನೆಯವರಿಗೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಹೀಗಾಗಿ ಸುಟ್ಟ ಪ್ಲಾಸ್ಟಿಕ್ಕಿನ ನಾತ ಮನೆಯೊಳಗೆ ನುಗ್ಗಿದಾಗ ಪುಟ್ಟನಂಜಮ್ಮ ಹೊರಗೆ ಬಂದು ನೋಡಲೂ ಇಲ್ಲ.

"ಅವ್ನೇ ಕಣ. ಬೇಕು ಅಂತ್ಲೇ ಮಾಡ್ತಾವ್ನೆ," ಎಂದಳು ಮಗ ನಿಂಗರಾಜುವಿಗೆ. "ಕಾರ್ತೀಕದ ಗಾಳಿ ಮೂಡ್ಲಿಂದ ಬತ್ತದ. ಅವ್ನ ಒಲ ಮೂಡ್ಲಿಗೆ ಅದ. ಇನ್ನೇನು ಬೇಕು?"

ಮೊಮ್ಮಗಳು ಅನುಶ್ರೀ ಮೂಲೆಯಲ್ಲಿ ಕೂತು ಕೆಮ್ಮುತ್ತಿದ್ದಳು. ಮಗುವಿಗೆ ಮೊದಲಿನಿಂದಲೂ ದಮ್ಮಿನ ತೊಂದರೆ. ತಾಳವಾಡಿಯ ಡಾಕ್ಟರು ಬಾಯಿಗೆ ಇಟ್ಟು ಎಳೆಯುವ ಪಂಪು ಕೊಟ್ಟಿದ್ದರು. ಪುಟ್ಟನಂಜಮ್ಮನಿಗೆ ಆ ಪಂಪಿನ ಮೇಲೂ ಅನುಮಾನ. ಒಮ್ಮೆ ಅಭ್ಯಾಸವಾದರೆ ಬಿಡಿಸಲಾಗದು ಎಂದು ಯಾರೋ ಬಸ್ಸಿನಲ್ಲಿ ಹೇಳಿದ್ದನ್ನು ನಂಬಿ, ಸೊಸೆ ಮೇಘಳಿಗೆ ಗೊತ್ತಾಗದಂತೆ ಅದನ್ನು ರಾಗಿ ತುಂಬಿಡುವ ವಾಡೆಯ ಹಿಂದೆ ಇಟ್ಟಿದ್ದಳು. ಪಂಪು ಎಲ್ಲಿ ಹೋಯಿತೆಂದು ಮೇಘ ಮನೆಯೆಲ್ಲಾ ಹುಡುಕಿ ಸಾಕಾಗಿದ್ದಳು.

ಆ ಸಾಯಂಕಾಲ ಪಕ್ಕದ ಬೀದಿಯ ಮಮತ ಮಜ್ಜಿಗೆಗೆ ಬಂದಳು. ಮಮತ ಮತ್ತು ಅವಳ ಗಂಡ ಚೆನ್ನೈ ಆಚೆ ಕಡಲ ದಂಡೆಯ ಒಂದು ಊರಲ್ಲಿ ಹಲವು ವರ್ಷ ಕೂಲಿ ಮಾಡಿ, ಈಗ ಊರಿಗೆ ಮರಳಿದ್ದರು. ಮಗುವಿನ ಕೆಮ್ಮು ಕೇಳಿ ಅವಳು ಬಾಗಿಲಲ್ಲೇ ನಿಂತಳು.

"ಅವ್ವಾ, ಮಗೀನ ಒಳಗಡ ಕೋಣೆಗೆ ಕರ್ಕೊಂಡೋಗಿ. ಬಾಗ್ಲು ಕಿಟ್ಕಿ ಮುಚ್ಚಿ. ಕಡಲಲ್ಲಿ ಪುಯಲ್ ಎದ್ದದಂತ. ಟೀವೀಲಿ ಏಳುದ್ರು. ಇನ್ನೂ ಒಂದೆರಡು ದಿನ ಈ ಒಗೆ ಇಲ್ಲೇ ಕೂತ್ಕೊತದ."

ಪುಟ್ಟನಂಜಮ್ಮ ನಕ್ಕಳು. "ಕಡಲು ಎಲ್ಲಿ, ಪಣಕಳ್ಳಿ ಎಲ್ಲಿ? ನಡುವ ಬೆಟ್ಟ ಅದ, ಕಾಡದ. ಅಲ್ಲಿ ಬಿರುಗಾಳಿ ಎದ್ರ ನಮ್ಮ ಮನಗ್ಯಾಕ ಒಗೆ ಬತ್ತದ?"

"ಒಗೆ ಕಡಲಿಂದ ಬರಾಕಿಲ್ಲ ಕನವ್ವಾ. ಒಗೆ ನಮ್ದೇ. ಅದನ್ನ ಎತ್ಕೊಂಡೋಗೋ ಗಾಳಿನ ಆ ಪುಯಲ್ ತಿರುಗಿಸ್ಬುಡ್ತದ. ದಂಡೇಲಿ ನಾವಿದ್ದಾಗ ದಿನಾ ನೋಡ್ತಿದ್ದೊ. ಬೆಳಿಗ್ಗೆ ಹೊತ್ತು ಗಾಳಿ ಭೂಮಿಯಿಂದ ಕಡಲ ಕಡೀಕೆ ಓಗದು. ಫ್ಯಾಕ್ಟ್ರಿ ಚಿಮಣಿ ಒಗೆ ಎಲ್ಲಾ ನೀರ್ ಮ್ಯಾಲೆ. ಅಬ್ಬ, ಒಂಟೋಯ್ತು ಅಂತಿದ್ದೊ. ಬಿಸ್ಲು ಏರ್ತಿದ್ದಂಗೇ ಕಡಲ ಗಾಳಿ ತಿರುಗ್ಕೊಂಡು ಅದೇ ಒಗೇನ ನಮ್ಮ ಬೀದಿಗೇ ತಂದು ಸುರಿಯದು. ಒಗೆ ಬುಟ್ಟೋರು ಅವ್ರೇ, ಜಾಗಾನೂ ಅದೇ. ಗಾಳಿ ಮಾತ್ರ ಬ್ಯಾರೆ."

"ಅಂಗಾದ್ರ ಗುರುಮಲ್ಲಪ್ಪಂದು ಏನೂ ತಪ್ಪಿಲ್ವ?"

"ನಾ ಅಂಗೆಲ್ಲಿ ಏಳ್ದೆ?"

"ಏಳ್ದೆ ಏನು ಕಣಮ್ಮಿ! ದಿನಾ ಅವ್ನ ಒಲ್ದಲ್ಲೇ ತಾನೆ ನೀ ಕೂಲಿ ಮಾಡದು? ಅವ್ನ ಉಪ್ಪು ಅವ್ನ ಪರ್ವಾಗೇ ಮಾತಾಡ್ತದ."

ಮಮತಳ ಮುಖ ಬಾಡಿತು. ಮಜ್ಜಿಗೆ ತೆಗೆದುಕೊಳ್ಳದೆ ಹೊರಟುಹೋದಳು.

ಬೆಳಗಾದಾಗ ಆಕಾಶ ತಗ್ಗಿ ಊರಿನ ಮೇಲೆ ಕೂತಂತಿತ್ತು. ಬಿಸಿಲಿಲ್ಲ, ಎಲೆ ಅಲುಗುವಷ್ಟೂ ಗಾಳಿಯಿಲ್ಲ, ಆಗಾಗ ಸಣ್ಣ ಹನಿ. ಹೊಗೆ ಮೇಲೇರದೆ ಹೆಂಚಿನ ಮಟ್ಟದಲ್ಲೇ ಹರಡಿಕೊಂಡಿತ್ತು. ಅನುಶ್ರೀ ಎದ್ದು ಕೂತಿದ್ದಳು, ಮಲಗಲಾಗುತ್ತಿರಲಿಲ್ಲ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿತ್ತು. ತುಟಿ ನೀಲಿಯಾಗಿತ್ತು.

"ಅತ್ತೇ, ಪಂಪೆಲ್ಲಿ ಮಡಗಿದ್ದೀರಿ? ನೀವೇ ಮಡಗಿರೋದು, ನಂಗೊತ್ತು!" ಎಂದು ಮೇಘ ಕೂಗಿದಳು.

ಪುಟ್ಟನಂಜಮ್ಮ ವಾಡೆಯ ಹಿಂದೆ ಕೈ ಹಾಕಿ ಪಂಪು ತೆಗೆದು ಸೊಸೆಯ ಕೈಗಿಟ್ಟಳು. ಮೇಘ ಮಗುವಿಗೆ ಪಂಪು ಕೊಟ್ಟಳು, ಉಸಿರು ತುಸು ಸಡಿಲವಾಯಿತು. ನಿಂಗರಾಜು ಗಾಡಿ ತೆಗೆದ. ಮಗುವನ್ನು ನಡುವೆ ಕೂರಿಸಿಕೊಂಡು ಗಂಡ ಹೆಂಡತಿ ತಾಳವಾಡಿ ಆಸ್ಪತ್ರೆಗೆ ಹೊರಟರು.

ಮನೆಯಲ್ಲಿ ಒಬ್ಬಳೇ ಉಳಿದ ಪುಟ್ಟನಂಜಮ್ಮನಿಗೆ ಸಿಟ್ಟು ತಡೆಯಲಾಗಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಗುರುಮಲ್ಲಪ್ಪನ ಹೊಲದ ದಾರಿ ಹಿಡಿದಳು. ಗಾಡಿಯ ಸದ್ದಿಗೆ ಹೊರಗೆ ಬಂದಿದ್ದ ಮಮತ ಅವಳ ಹಿಂದೆಯೇ ಓಡಿದಳು.

ಗುರುಮಲ್ಲಪ್ಪ ಬದುವಿನ ಮೇಲೆ ನಿಂತಿದ್ದ. ಬಾಯಿಗೆ ಟವಲು ಕಟ್ಟಿಕೊಂಡಿದ್ದ. ಇವಳನ್ನು ಕಂಡವನೇ ಟವಲು ಕೆಳಗೆಳೆದ.

"ನೀವೇ ಬಂದ್ರಾ? ನಾನೇ ಬರೋನಿದ್ದೆ. ನಮ್ಮವ್ವ ಕೆಮ್ಮಿ ಕೆಮ್ಮಿ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಗಡಿಕಲ್ಲಿನ ಸಿಟ್ಟನ್ನ ಮುದುಕೀರ ಮ್ಯಾಲೆ ತೀರಿಸ್ಕೊತಾ ಇದ್ದೀರಾ?"

"ನಾನಾ! ನಮ್ಮ ಕೂಸು ಆಸ್ಪತ್ರಿಗ ಓಗದ, ಸುಟ್ಟೋನು ನೀನು!"

"ಏನ್ ಸುಟ್ಟೆ? ನೋಡಿ ಬನ್ನಿ."

ಅವನು ತೋರಿಸಿದ ಕಡೆ ಶೀಟಿನ ಗುಡ್ಡೆ ಇತ್ತು. ಮಳೆಯಲ್ಲಿ ನೆಂದು ಹಾಗೇ ಬಿದ್ದಿತ್ತು. ಅದಕ್ಕೆ ಯಾರೂ ಬೆಂಕಿ ಕೊಟ್ಟಿರಲಿಲ್ಲ. ಪುಟ್ಟನಂಜಮ್ಮ ಬಗ್ಗಿ ಶೀಟನ್ನು ಎತ್ತಿ ಕೆಳಗೆ ನೋಡಿದಳು. ಮಣ್ಣಿಗೆ ಕೈಯಿಟ್ಟು ನೋಡಿದಳು. ತಣ್ಣಗಿತ್ತು. ಆದರೂ ನಂಬಿಕೆ ಬರಲಿಲ್ಲ. "ಇನ್ನೆಲ್ಲೋ ಸುಟ್ಟಿರ್ತೀಯ," ಎಂದಳು.

ಮಮತ ಶೀಟಿನ ಅಡಿಯಿಂದ ಒಂದು ಹಿಡಿ ಒಣ ಹೊಟ್ಟು ಎತ್ತಿ ಮೆಲ್ಲಗೆ ಉದುರಿಸಿದಳು. ಹೊಟ್ಟು ಪಡುವಲಿಗೆ ಹಾರಲಿಲ್ಲ. ತುಸುವೇ ತೆಂಕಲಿಗೆ ಜರುಗಿ ನೆಲಕ್ಕೆ ಬಿತ್ತು.

"ಗಾಳಿ ಬಡಗ್ಲಿಂದ ಬತ್ತಾ ಅದ, ಅವ್ವಾ. ಅದೂ ಸತ್ತ ಗಾಳಿ. ಮೂಡ್ಲ ಗಾಳಿನ ಪುಯಲ್ ತಿರುಗಿಸ್ಬುಟ್ಟದ. ಒಗೆ ಬಂದ ದಾರೀಲೇ ನಡೀರಿ, ನೋಡ್ಬುಡವ."

ಮೂವರೂ ನಡೆದರು. ಹೆಜ್ಜೆ ಹೆಜ್ಜೆಗೂ ನಾತ ಹೆಚ್ಚಿತು. ಪುಟ್ಟನಂಜಮ್ಮನ ಕಾಲು ತನ್ನ ಹೊಲದ ಬದುವಿನ ಹತ್ತಿರ ತಾನಾಗಿ ನಿಧಾನವಾಯಿತು. ಹೊಲದ ಮೂಲೆಯಲ್ಲಿ ಹಿಂದಿನ ದಿನ ನಿಂಗರಾಜು ಹಚ್ಚಿದ್ದ ಗುಡ್ಡೆ ಇತ್ತು. ಹನಿ ಬಿದ್ದಾಗ ಉರಿ ಆರಿತೆಂದು ನಂಬಿ ಅವನು ಮನೆಗೆ ಬಂದಿದ್ದ; ಅವ್ವ ಗುರುಮಲ್ಲಪ್ಪನನ್ನು ದೂರಿದಾಗ ಅದಕ್ಕೇ ಅವನಿಗೂ ಅನುಮಾನ ಬಂದಿರಲಿಲ್ಲ. ಮೇಲೆ ಆರಿತ್ತು. ಒಳಗೆ ಪೈಪು, ಶೀಟು, ಒದ್ದೆ ಕಡ್ಡಿ ಎಲ್ಲಾ ಸೇರಿ ಇನ್ನೂ ಬೇಯುತ್ತಿದ್ದವು. ಕಪ್ಪು ಹಳದಿ ಬಣ್ಣದ ಹೊಗೆ ನೆಲಕ್ಕೆ ಅಂಟಿಕೊಂಡು ಅವಳ ಮನೆಯ ಕಡೆಗೂ, ಅದರಾಚೆ ಗುರುಮಲ್ಲಪ್ಪನ ಮನೆಯ ಕಡೆಗೂ ತೆವಳುತ್ತಿತ್ತು.

ಪುಟ್ಟನಂಜಮ್ಮ ಅಲ್ಲೇ ಕುಸಿದು ಕೂತಳು. "ನಮ್ಮ ಕೂಸ್ನ ನಾವೇ..." ಎಂದಳು.

ಗುರುಮಲ್ಲಪ್ಪನಿಗೆ ಬೈಯಲು ಬೇಕಾದಷ್ಟಿತ್ತು. ಆದರೆ ಅವನು ಬೈಯಲಿಲ್ಲ. ಸನಿಕೆ ತಂದು ಒದ್ದೆ ಮಣ್ಣು ಎಳೆದು ಗುಡ್ಡೆಯ ಮೇಲೆ ಹಾಕತೊಡಗಿದ. ಮಮತ ತೊಟ್ಟಿಯಿಂದ ನೀರು ಹೊತ್ತಳು. ಸ್ವಲ್ಪ ಹೊತ್ತಿಗೆ ಪುಟ್ಟನಂಜಮ್ಮನೂ ಎದ್ದು ಕೊಡ ಹಿಡಿದಳು. ಹೊಗೆ ನಿಲ್ಲುವ ತನಕ ಮೂವರೂ ಮಣ್ಣು, ನೀರು ಹಾಕುತ್ತಲೇ ಇದ್ದರು.

ಸಂಜೆ ಅನುಶ್ರೀ ಮನೆಗೆ ಬಂದಳು. ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಇಟ್ಟು ಔಷಧಿಯ ಹಬೆ ಕೊಟ್ಟಿದ್ದರು. ಪಂಪು ಅಭ್ಯಾಸ ಹಿಡಿಸುವ ವಸ್ತುವಲ್ಲ, ಹೇಳಿದ ಹಾಗೆ ತೆಗೆದುಕೊಳ್ಳದಿದ್ದರೇ ಅಪಾಯ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಪುಟ್ಟನಂಜಮ್ಮ ಪಂಪನ್ನು ಮಗುವಿನ ಕೈಗೆಟುಕುವ ಗೂಡಿನಲ್ಲಿ ತಾನೇ ಇಟ್ಟಳು. ಆಮೇಲೆ ಒಂದು ಚೊಂಬು ಮಜ್ಜಿಗೆ ಹಿಡಿದು ಮಮತಳ ಮನೆಗೆ ಹೋದಳು.

"ಉಪ್ಪಿನ ಮಾತಾಡ್ಬುಟ್ಟೆ ಕಣಮ್ಮಿ. ಮನ್ಸಿಗ ಮಡಿಕಬ್ಯಾಡ."

"ನಂಗೂ ನೋವಾಯ್ತು ಕನವ್ವಾ," ಎಂದಳು ಮಮತ. ಚೊಂಬು ತೆಗೆದುಕೊಂಡಳು.

ನಿಂಗರಾಜು ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. "ಸುಡ್ಬ್ಯಾಡ ಅಂದ್ರ ಆ ಶೀಟ್ನ ತಲೆ ಮ್ಯಾಲೆ ಒತ್ಕೊಳ್ಳದಾ?" ಎಂದು ರೇಗಿದ. ಬೀದಿಯಲ್ಲಿ ನಿಂತು ಕೇಳುತ್ತಿದ್ದ ಗುರುಮಲ್ಲಪ್ಪ ಹೇಳಿದ: "ಗುಜರಿಯೋನು ಪೈಪು ತಕ್ಕೊತಾನೆ ಕಣ್ಲಾ, ನಾ ಕೇಳಿವ್ನಿ. ಶೀಟ್ನ ಮಣ್ಣು ಕೊಡ್ವಿ ಮೂಟೆ ಕಟ್ಟಿ ಮಡಗು. ಊರಾಟ್ಚಿ ಆಫೀಸ್ಗ, ಅದೇ ಪಂಚಾಯ್ತಿಗ, ಇಬ್ರೂ ಓಗಿ ಕಸದ ಗಾಡಿ ಕಳ್ಸಿ ಅಂತ ಕೇಳವ. ಕಡ್ಡಿ ಕತ್ತರ್ಸಿ ಗುಂಡಿಗ ಆಕುದ್ರ ಗೊಬ್ರ." ಹೊರಡುತ್ತಾ ತಿರುಗಿ, "ಕಲ್ಲಿನ ವಿಚಾರ ಬ್ಯಾರೆ. ಅದನ್ನ ನಾ ಬುಟ್ಟಿಲ್ಲ," ಎಂದ.

"ನಾವೂ ಬುಟ್ಟಿಲ್ಲ," ಎಂದಳು ಪುಟ್ಟನಂಜಮ್ಮ. ಆದರೂ ಮಾರನೆಯ ದಿನ ನಿಂಗರಾಜು ಅವನ ಜೊತೆಯಲ್ಲೇ ಊರಾಟ್ಚಿ ಆಫೀಸಿಗೆ ಹೋದ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಡಲು ನಮಗೆ ದೂರ, ನಿಜ. ಆದರೆ ಅಲ್ಲಿ ವಾಯುಭಾರ ಕುಸಿದಾಗ ನಮ್ಮ ಬೆಟ್ಟದ ಮೇಲಿನ ಗಾಳಿಯೂ ದಿಕ್ಕು ಬದಲಿಸಬಹುದು, ಸುಮ್ಮನೆ ನಿಂತುಬಿಡಲೂಬಹುದು. ಮೋಡ ಕವಿದು ಬಿಸಿಲಿಲ್ಲದ ದಿನ ಹೊಗೆ ಮೇಲೇರುವುದಿಲ್ಲ. ಪುಯಲ್ ಸುದ್ದಿ ಕೇಳಿದ ಕೂಡಲೇ ದಮ್ಮಿರುವವರ ಪಂಪು, ಮಾತ್ರೆ ಕೈಗೆ ಸಿಗುವಂತೆ ಇಡಿ. ಹೊಗೆಯಿದ್ದರೆ ಮಕ್ಕಳನ್ನೂ ಮುದುಕರನ್ನೂ ಒಳಗಿರಿಸಿ. ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಪ್ಲಾಸ್ಟಿಕ್ಕನ್ನಂತೂ ಯಾವ ಗಾಳಿಯಲ್ಲೂ, ಯಾವ ಕಾಲದಲ್ಲೂ ಸುಡಬೇಡಿ. ನೀವು ಹಚ್ಚಿದ ಹೊಗೆ ಇವತ್ತು ಯಾರ ಮನೆ ಹೊಗುತ್ತದೋ ನಿಮಗೆ ಗೊತ್ತಿಲ್ಲ. ಬೆಂಕಿಕಡ್ಡಿ ಮಾತ್ರ ನಿಮ್ಮ ಕೈಯಲ್ಲಿದೆ. ಗೀರಬೇಡಿ.