ಗೆರೆ ಮೇಲೇರಿದ ಬಗೆ

ಆ ಮೂರು ವರ್ಷಗಳ ಅಂಕಿಗಳನ್ನು ಲೆಕ್ಕದಿಂದ ತೆಗೆದದ್ದು ತಪ್ಪೇ? ತೆಗೆಯುವುದುಂಟು, ಎಲ್ಲರೂ ತೆಗೆಯುತ್ತಾರೆ. ಆದರೆ ತೆಗೆದಿದ್ದೇವೆ ಎಂದು ಪುಟದ ಕೆಳಗೆ ಒಂದು ಸಾಲು ಬರೆಯುತ್ತಾರೆ. ತಾನು ಬರೆಯಲಿಲ್ಲ. ಅಕ್ಕನ ಮನೆಯ ಮುಂದೆ ಚಪ್ಪಲಿ ಬಿಡುವಾಗಲೂ ಅವನು ಇದನ್ನೇ ಮೆಲುಕು ಹಾಕುತ್ತಿದ್ದ.

ಅಂಕಿಅಂಶಗಳ ಕಚೇರಿಯಲ್ಲಿ ಅವನಿಗೆ ಕೆಲಸ. ಸೇನೆಗೆ ಸುರಿದ ಹಣದಿಂದ ದೇಶ ಬೆಳೆಯಿತೋ ಸೊರಗಿತೋ ಎಂದು ಮೂವತ್ತು ವರ್ಷಗಳ ಅಂಕಿಗಳನ್ನು ಜೋಡಿಸಿ ನೋಡಿದ್ದ. ನಕ್ಷೆಯಲ್ಲಿ ಗೆರೆ ಕೆಳಗಿಳಿದಿತ್ತು. ಖರ್ಚು ಏರಿದಷ್ಟೂ ಬೆಳವಣಿಗೆ ಕುಗ್ಗಿತ್ತು. ಮೇಲಧಿಕಾರಿ ಕನ್ನಡಕ ಒರೆಸಿಕೊಂಡು, “ಸೇನೆಗೆ ವಿಪರೀತ ಖರ್ಚಾದ ಆ ಮೂರು ವರ್ಷ ಬಿಟ್ಹಾಕಯ್ಯ. ಮದುವೆ ಫೋಟೋದಲ್ಲಿ ಜ್ವರದವನನ್ನ ಯಾರಾದ್ರೂ ಮುಂದೆ ನಿಲ್ಲಿಸ್ತಾರಾ?” ಎಂದಿದ್ದರು. ಬಿಟ್ಟ. ಗೆರೆ ಮೇಲೆದ್ದಿತು. “ಕೆಳಗೊಂದು ಟಿಪ್ಪಣಿ...” ಎಂದದ್ದಕ್ಕೆ, “ಓದೋರಿಗೆ ತಲೆನೋವು ಯಾಕೆ?” ಎಂದರು. ಅವನು ತಲೆಯಾಡಿಸಿದ. ಸೇನೆಗೆ ಖರ್ಚು ಮಾಡಿದಷ್ಟೂ ದೇಶ ಬೆಳೆಯುತ್ತದೆ ಎಂಬ ವರದಿ ಅವನ ಹೆಸರಲ್ಲೇ ಅಚ್ಚಾಯಿತು.

“ಬನ್ನಿ ಪಂಡಿತರೇ!” ಭಾವನ ಮಡಿಲಲ್ಲಿ ಅದೇ ವರದಿ. ಎಷ್ಟು ತೊಳೆದರೂ ಹೋಗದ ಎಣ್ಣೆಗಪ್ಪು ಅವರ ಉಗುರುಗಳಲ್ಲಿ. ಪಂಪು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವವರು, ಕಾರ್ಮಿಕರ ಮುಖಂಡರು. “ಮ್ಯಾನೇಜರು ಎಲ್ಲರಿಗೂ ಹಂಚಿದಾರೆ. ನಿನ್ನ ಹೆಸರು ನೋಡಿದ್ದೇ ತಡ, ನಿಮ್ಮಕ್ಕ ಬೀದಿಗೆಲ್ಲ ಡಂಗುರ ಹೊಡೆದಳು.”

“ನಾಲ್ಕೇ ಮನೆಗೆ ತೋರಿಸಿದ್ದು,” ಅಕ್ಕ ಒಳಗಿಂದ ಕೂಗಿದಳು.

ಕಾರ್ಖಾನೆ ಪಂಪು ಬಿಟ್ಟು ಸೇನೆಗೆ ಫಿರಂಗಿ ಶೆಲ್ಲುಗಳ ಕವಚ ಮಾಡಬೇಕೆಂಬುದು ಮಾಲೀಕರ ಆಸೆ. ಕಾರ್ಮಿಕರು ಅಂದು ಸಂಜೆ ಕೈಯೆತ್ತಿ ತೀರ್ಮಾನಿಸಬೇಕಿತ್ತು. ಎರಡು ತಿಂಗಳಿಂದ ಅದಕ್ಕೆ ಅಡ್ಡ ನಿಂತವರು ಭಾವ.

“ಒಂದು ಪಂಪು ಇಪ್ಪತ್ತು ವರ್ಷ ನೀರೆತ್ತುತ್ತೆ, ಆ ನೀರಿಂದ ಇನ್ನೊಬ್ಬನಿಗೆ ದುಡಿಮೆ. ಶೆಲ್ಲು ಉಗ್ರಾಣದಲ್ಲಿ ಕೊಳೆಯುತ್ತೆ, ಇಲ್ಲಾ ಒಂದ್ಸಲ ಸಿಡಿಯುತ್ತೆ, ಅಲ್ಲಿಗೆ ಮುಗೀತು ಅಂತ ಬಡ್ಕೊಂಡೆ. ಶುದ್ಧ ಪೆದ್ದ ನಾನು.”

“ಹಾಗಲ್ಲ ಭಾವ...”

“ಸುಮ್ನಿರು. ಲೇತ್ ಮುಂದೆ ನಿಂತವನಿಗೆ ದೇಶ ಎಷ್ಟು ಕಾಣುತ್ತೆ? ಒಂದೇ ಮಾತು ಹೇಳು. ಇದು ನೀನೇ ಮಾಡಿದ ಲೆಕ್ಕ ತಾನೆ?”

ಅವನು ವರದಿಯ ಮೇಲಿದ್ದ ತನ್ನ ಹೆಸರನ್ನು ನೋಡಿದ. “ಹೌದು.”

“ಸಾಕು ಬಿಡು.”

ಸಂಜೆ ಕಾರ್ಖಾನೆಯ ಅಂಗಳಕ್ಕೆ ಭಾವ ಅವನನ್ನೂ ಎಳೆದೊಯ್ದರು. ಮರದ ಪೆಟ್ಟಿಗೆ ಹತ್ತಿ ನಿಂತು, “ನಾನು ಹೇಳ್ತಿದ್ದದ್ದು ತಪ್ಪು. ಇವನು ನನ್ನ ಭಾಮೈದ. ಸುಳ್ಳು ಬರೆಯೋ ಜಾತಿ ಅಲ್ಲ,” ಎಂದರು. ನೂರಾರು ಕಣ್ಣುಗಳು ಅವನತ್ತ ತಿರುಗಿದವು. ಭೂಮಿ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದ.

ಎರಕದ ವಿಭಾಗದ ಮುದುಕನೊಬ್ಬ, “ನಿನ್ನೆ ನೀನು ಹೇಳಿದ್ದೇ ನೆಟ್ಟಗಿತ್ತಲ್ಲೋ!” ಎಂದು ಗೊಣಗಿದ. ಯಾರೋ, “ಅಜ್ಜ, ನೀನೂ ಒಂದು ವರದಿ ಬರಿ,” ಎಂದು ಛೇಡಿಸಿದರು. ನಗೆ ಎದ್ದಿತು. ಶೆಲ್ಲಿನ ಪರವಾಗಿ ಎಲ್ಲರಿಗಿಂತ ಮೊದಲು ಕೈಯೆತ್ತಿದವರು ಭಾವ. ಆಮೇಲೆ ಅಂಗಳದ ತುಂಬ ಕೈಗಳು.

ಆಮೇಲೆಯೂ ಅವನು ಎಷ್ಟೋ ಭಾನುವಾರ ಆ ಮನೆಯಲ್ಲಿ ಉಂಡ. ನೀವು ಹೇಳಿದ್ದೇ ಸರಿಯಿತ್ತು ಭಾವ, ನನ್ನ ಲೆಕ್ಕವೂ ಮೊದಲು ಅದನ್ನೇ ಹೇಳಿತ್ತು ಎಂದು ಅವನು ಒಮ್ಮೆಯೂ ಹೇಳಲಿಲ್ಲ.