ಮಗುವನ್ನಿಟ್ಟ ಜಾಗ

ಪ್ರಿಸಿಲ್ಲಾಳ ಹೆಣ್ಣುಮಗು ಹುಟ್ಟಿದ ಮೂರನೇ ದಿನ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡಿತು. ಜ್ವರದಲ್ಲಿ ಮಲಗಿದ್ದ ಅವಳಿಗೆ ಏಳಲಾಗಲಿಲ್ಲ. ಗಂಡ ದೇವಪ್ರಿಯನೊಬ್ಬನೇ ಊರಾಚೆಯ ಕ್ರೈಸ್ತರ ಸ್ಮಶಾನದಲ್ಲಿ ಮಣ್ಣು ಮಾಡಿ ಬಂದ. ಅದು 2003ರ ಜುಲೈ. ಆಮೇಲೆ ಗೌರಿಬಿದನೂರಿನ ಮನೆಯಲ್ಲಿ ಗಂಡಹೆಂಡಿರ ನಡುವೆ ಮಾತೇ ನಿಂತುಹೋಯಿತು. ಪಾಠ ಹೇಳಲು ಶಾಲೆಗೆ ಹೋಗುವನು, ಬರುವನು, ಉಣ್ಣುವನು. “ನನ್ನೂ ಅಲ್ಲಿಗೆ ಕರ್ಕೊಂಡೋಗಿ” ಎಂದರೆ ಎದ್ದು ಆಚೆ ಹೋಗುವನು.

ಚಿಂತಾಮಣಿಯಲ್ಲಿ ಅಂಗನವಾಡಿ ನಡೆಸುತ್ತಿದ್ದ ಸಲೋಮಿ ಅವಳ ಗೆಳತಿ. ಇಬ್ಬರೂ ಒಂದೇ ಮಿಷನ್ ಹಾಸ್ಟೆಲಿನಲ್ಲಿ ಬೆಳೆದವರು, ಚರ್ಚಿನಲ್ಲಿ ಒಂದೇ ಪುಸ್ತಕ ಹಿಡಿದು ಹಾಡಿದವರು. ಸಲೋಮಿ ತಿಂಗಳಿಗೆರಡು ಶನಿವಾರ ಬಸ್ಸು ಬದಲಿಸಿಕೊಂಡು ಬರುತ್ತಿದ್ದಳು. ಚರ್ಚಿನ ಸಭೆಯ ಹೆಂಗಸರು “ದೇವರ ಚಿತ್ತ” ಎಂದು ಹೇಳಿ ಹೋಗುತ್ತಿದ್ದರು. ಸಲೋಮಿ ಹಾಗೆನ್ನುತ್ತಿರಲಿಲ್ಲ. ಗೆಳತಿಯ ತಲೆಗೆ ಎಣ್ಣೆ ಹಚ್ಚುವಳು, ಅವಳು ಅತ್ತರೆ ಪಕ್ಕದಲ್ಲಿ ಕೂತಿರುವಳು.

“ಒಂದ್ಸಲ ಆ ಮಣ್ಣು ಮುಟ್ಬೇಕು ಕಣೇ,” ಎಂದಳು ಪ್ರಿಸಿಲ್ಲಾ ಒಂದು ದಿನ. “ಎದೆಹಾಲು ಬತ್ತಿ ವರ್ಷ ಆಯ್ತು. ಕೈ ಇನ್ನೂ ಮಗ್ಗುಲಲ್ಲಿ ಹುಡುಕ್ತದೆ.”

ಅವತ್ತು ಸಲೋಮಿ ಊರಿಗೆ ಹೊರಡಲಿಲ್ಲ. ದೇವಪ್ರಿಯ ಬರುವವರೆಗೆ ಜಗಲಿಯಲ್ಲೇ ಕಾದಳು.

“ಯಾಕಣ್ಣಾ ತೋರಿಸಲ್ಲ? ಹೆತ್ತೋಳು ಅವಳಲ್ವಾ?”

ಅವನು ಚಪ್ಪಲಿ ಬಿಡದೆ ನಿಂತೇ ಇದ್ದ. “ತೋರ್ಸಕ್ಕೆ ನಂಗೇ ಗೊತ್ತಿಲ್ಲಮ್ಮಾ. ಮಳೆ ಹುಯ್ತಿತ್ತು. ಗುರುತಿಗೆ ಒಂದು ಕಲ್ಲೂ ಇಡ್ಲಿಲ್ಲ. ತಿಂಗಳು ಬಿಟ್ಟು ಹೋದ್ರೆ ಎಲ್ಲಾ ಕಡೆ ಹುಲ್ಲು. ಎಲ್ಲಿಟ್ಟೆ ಅಂತಾನೇ ತಿಳೀಲಿಲ್ಲ. ಅವಳಿಗೆ ಹೆಂಗೆ ಹೇಳ್ಲಿ?”

ಬಾಗಿಲ ಹಿಂದಿದ್ದ ಪ್ರಿಸಿಲ್ಲಾ ಎಲ್ಲವನ್ನೂ ಕೇಳಿಸಿಕೊಂಡಳು.

ಮರುದಿನ ಆರಾಧನೆ ಮುಗಿಸಿ ಮೂವರೂ ಚಿಕ್ಕಬಳ್ಳಾಪುರದ ಆ ಸ್ಮಶಾನಕ್ಕೆ ಹೋದರು. ಹೊಂಗೆ ಮರದ ಕೆಳಗೆ ದೇವಪ್ರಿಯ ಅಲ್ಲಿಷ್ಟು ಇಲ್ಲಿಷ್ಟು ನಡೆದು, “ಇಲ್ಲೇ ಎಲ್ಲೋ” ಎಂದ. ಪ್ರಿಸಿಲ್ಲಾ ಹುಲ್ಲಿನ ಮೇಲೆ ಕೂತು ಎರಡೂ ಅಂಗೈ ನೆಲಕ್ಕೆ ಊರಿದಳು. ಸ್ವಲ್ಪ ಸರಿದು ಇನ್ನೊಂದು ಕಡೆ ಊರಿದಳು. ಮತ್ತೂ ಸರಿದಳು. ಸಲೋಮಿ ಗೇಟಿನ ಬಳಿಯೇ ಉಳಿದಳು.

ಕಡೆಗೆ ದೇವಪ್ರಿಯನೂ ಹೆಂಡತಿಯ ಪಕ್ಕ ಕುಕ್ಕರಿಸಿದ. “ಏನು ಹೆಸರಿಡ್ಬೇಕು ಅಂದ್ಕೊಂಡಿದ್ದೆ?”

ವರ್ಷದ ಮೇಲೆ ಅವಳೊಂದಿಗೆ ಅವನಾಗಿಯೇ ಆಡಿದ ಮೊದಲ ಮಾತು.

“ತಬಿತಾ.”

ಅವನು ಅದನ್ನು ಬಾಯೊಳಗೇ ಎರಡು ಸಲ ಹೇಳಿಕೊಂಡ.

ಮಗು ಮಲಗಿದ್ದ ಜಾಗ ಅವರಿಗೆ ಮುಂದೆಯೂ ತಿಳಿಯಲಿಲ್ಲ. ಆ ಸಂಜೆ ಗೌರಿಬಿದನೂರಿನ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಚಿಂತಾಮಣಿಯ ಬಸ್ಸಿಗೆ ಕಾಯುತ್ತಿದ್ದ ಸಲೋಮಿ ಕಿಟಕಿಯಲ್ಲಿ ಗೆಳತಿಯ ಮುಖ ಕಾಣುವವರೆಗೂ ನೋಡುತ್ತ ನಿಂತಿದ್ದಳು.